ಸುಣ್ಣಕಲ್ಲಿನೊಳಗಿನ ಡಾಂಬರು: ತೈಲದ ಲೆಕ್ಕ ತಪ್ಪುವುದು ಎಲ್ಲಿ?

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಉತ್ತರ ಭಾಗದಲ್ಲಿ, ನೆಲದಿಂದ ಕೆಲವೇ ನೂರು ಮೀಟರ್ ಆಳದಲ್ಲಿ, ಗ್ರೋಸ್ಮಾಂಟ್ ಎಂಬ ಶಿಲಾಸ್ತರವೊಂದಿದೆ. 37 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಶೇಖರಗೊಂಡು, ಕ್ರಮೇಣ ಡೋಲೊಮೈಟ್ ಆಗಿ ಮಾರ್ಪಟ್ಟ ಸುಣ್ಣದ ಶಿಲೆ ಅದು. ಪ್ರಾಂತ್ಯದ ಇಂಧನ ನಿಯಂತ್ರಣ ಸಂಸ್ಥೆಯ ಅಂದಾಜಿನಂತೆ ಈ ಒಂದೇ ಸ್ತರದಲ್ಲಿ 40,000 ಕೋಟಿ ಬ್ಯಾರೆಲ್‌ಗೂ ಅಧಿಕ ಬಿಟುಮೆನ್ ಅಡಗಿದೆ. ಸೌದಿ ಅರೇಬಿಯ ಘೋಷಿಸಿಕೊಂಡಿರುವ ತೈಲ ನಿಕ್ಷೇಪ ಸುಮಾರು 26,700 ಕೋಟಿ ಬ್ಯಾರೆಲ್. ಹಾಗಾದರೆ ಆಲ್ಬರ್ಟಾದ ಒಂದು ಕಲ್ಲಿನ ಪದರ ಸೌದಿ ಅರೇಬಿಯಕ್ಕಿಂತ ಶ್ರೀಮಂತವೇ?

ಖಂಡಿತ ಅಲ್ಲ. ಮೊದಲನೆಯದು ಕಲ್ಲಿನೊಳಗೆ ಎಷ್ಟಿದೆ ಎಂಬ ಲೆಕ್ಕ; ಎರಡನೆಯದು ಹೊರಗೆ ತೆಗೆಯಬಹುದಾದದ್ದು ಎಷ್ಟು ಎಂಬ ಲೆಕ್ಕ. ಗ್ರೋಸ್ಮಾಂಟ್‌ನಲ್ಲಿ 1970ರ ದಶಕದಿಂದಲೂ ಪ್ರಯೋಗಗಳು ನಡೆದಿವೆ. ಆದರೂ ಅಲ್ಲಿಂದ ಹೇಳಿಕೊಳ್ಳುವಂಥ ವಾಣಿಜ್ಯ ಉತ್ಪಾದನೆ ಇನ್ನೂ ನೆಲೆಗೊಂಡಿಲ್ಲ. ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಮುದ್ರಿಸುವ ಅಭ್ಯಾಸ ಇದ್ದೇ ಇದೆ. ಓದುಗರು ಅಂಥ ಹೋಲಿಕೆಗಳನ್ನು ಕಂಡಾಗ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳಿತು.

ಗ್ರೋಸ್ಮಾಂಟ್‌ನಲ್ಲಿರುವುದು ಬಿಟುಮೆನ್ ಎಂಬುದಾದರೂ ಎಲ್ಲರಿಗೂ ತಿಳಿದ ಸಂಗತಿ. ಇದಕ್ಕಿಂತ ತೊಡಕಿನ ಸಮಸ್ಯೆ ಇರುವುದು ಕೊಲ್ಲಿ ರಾಷ್ಟ್ರಗಳ ಮತ್ತು ಕ್ಯಾಸ್ಪಿಯನ್ ತೀರದ ಕೆಲವು ತೈಲಕ್ಷೇತ್ರಗಳಲ್ಲಿ. ಅಲ್ಲಿ ಚೆನ್ನಾಗಿ ಹರಿಯುವ ತೈಲದ ನಡುವೆಯೇ, ಅದೇ ಕಲ್ಲಿನ ಅದೇ ರಂಧ್ರಗಳಲ್ಲಿ, ಎಂದಿಗೂ ಹರಿಯದ ಬಿಟುಮೆನ್ ಸೇರಿಕೊಂಡಿರುತ್ತದೆ. ಅಳತೆಯ ಉಪಕರಣಗಳಲ್ಲಿ ಹೆಚ್ಚಿನವು ಇವೆರಡರ ವ್ಯತ್ಯಾಸವನ್ನು ಗುರುತಿಸಲಾರವು. ಹರಿಯದಿರುವುದನ್ನೂ ಹರಿಯುವ ತೈಲವೆಂದೇ ಎಣಿಸಿದರೆ ಸಾವಿರಾರು ಕೋಟಿ ರೂಪಾಯಿಗಳ ಯೋಜನೆ ತಪ್ಪು ತಳಹದಿಯ ಮೇಲೆ ನಿಲ್ಲುತ್ತದೆ.

ಕಲ್ಲಿಗೆ ಡಾಂಬರು ಬಂದದ್ದು ಹೇಗೆ?

ನಾವು ಡಾಂಬರು ಎಂದು ಕರೆಯುವ ರಸ್ತೆಯ ಕಪ್ಪು ಲೇಪ ಬಹುತೇಕ ಕಚ್ಚಾತೈಲದ ಶುದ್ಧೀಕರಣದ ಕೊನೆಯಲ್ಲಿ ಉಳಿಯುವ ಗಷ್ಟು. ನೆಲದಡಿಯ ಬಿಟುಮೆನ್ ಅದೇ ಜಾತಿಯದು. ಆದರೆ ಅದನ್ನು ತಯಾರಿಸಿದ್ದು ಕಾರ್ಖಾನೆಯಲ್ಲ, ನಿಸರ್ಗ. ಎರಡನ್ನೂ ಅಳೆಯುವ ಮಾನದಂಡ ಸ್ನಿಗ್ಧತೆ, ಅಂದರೆ ಹರಿಯಲು ದ್ರವ ತೋರುವ ಪ್ರತಿರೋಧ. ಇದರ ಏಕಮಾನ ಸೆಂಟಿಪಾಯ್ಸ್. ನೀರಿನದು ಸುಮಾರು 1, ಹರಳೆಣ್ಣೆಯದು ಸಾವಿರದ ಆಸುಪಾಸು. ನೆಲದಡಿಯ ಉಷ್ಣತೆಯಲ್ಲಿ 10,000 ಸೆಂಟಿಪಾಯ್ಸ್ ದಾಟಿದ ತೈಲವನ್ನು ಬಿಟುಮೆನ್ ಎನ್ನುವುದು ವಾಡಿಕೆ. ಗ್ರೋಸ್ಮಾಂಟ್‌ನ ಬಿಟುಮೆನ್ 10 ಲಕ್ಷವನ್ನೂ ಮೀರುತ್ತದೆ. ಇದಕ್ಕೂ ಮುಂದಿನ ಹಂತವೊಂದಿದೆ: ಪೂರ್ತಿ ಗಟ್ಟಿಯಾಗಿ, ಯಾವ ದ್ರಾವಕದಲ್ಲೂ ಕರಗದೆ ಕಲ್ಲಿನ ಭಾಗವೇ ಆಗಿಬಿಟ್ಟಿರುವ ಪೈರೊಬಿಟುಮೆನ್.

ಒಳ್ಳೆಯ ತೈಲ ಹೀಗೆ ಕೆಡಲು ಹಲವು ದಾರಿಗಳಿವೆ. ಉಷ್ಣತೆ 80 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರುವ ಕಡೆ, ತೈಲವೂ ನೀರೂ ಸಂಧಿಸುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ತೈಲದ ಹಗುರವಾದ ಅಂಶಗಳನ್ನು ತಿಂದು ಭಾರವಾದ ಅಂಶಗಳನ್ನು ಉಳಿಸುತ್ತವೆ. ಗ್ರೋಸ್ಮಾಂಟ್‌ನಲ್ಲಿ ನಡೆದದ್ದು ಇದೇ. ಇನ್ನೊಂದು ದಾರಿ ಆಸ್ಫಾಲ್ಟೀನ್‌ಗಳದು. ತೈಲದಲ್ಲಿ ತೇಲಿಕೊಂಡಿರುವ ಈ ಭಾರವಾದ ಅಣುಗಳಿಗೆ ಫ್ರೆಂಚ್ ರಸಾಯನವಿಜ್ಞಾನಿ ಬೂಸ್ಸಾಂಗೊ 1837ರಲ್ಲಿಯೇ ಈ ಹೆಸರಿಟ್ಟಿದ್ದರು. ತೈಲ ತುಂಬಿದ ಕಲ್ಲಿಗೆ ಮುಂದೊಂದು ದಿನ ಕೆಳಗಿನಿಂದ ಅನಿಲ ನುಗ್ಗಿ ಬಂದರೆ, ಹಾಲಿಗೆ ನಿಂಬೆರಸ ಬಿದ್ದಂತೆ ತೈಲ ಒಡೆಯುತ್ತದೆ. ಆಸ್ಫಾಲ್ಟೀನ್‌ಗಳು ಬೇರ್ಪಟ್ಟು ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಮೂರನೆಯದು ಶಾಖ. ಶಿಲಾಸ್ತರ ಆಳಕ್ಕಿಳಿದು 150 ಡಿಗ್ರಿಗಿಂತ ಹೆಚ್ಚು ಕಾದರೆ ತೈಲ ಅನಿಲವಾಗಿ ಒಡೆಯತೊಡಗುತ್ತದೆ, ಹಿಂದೆ ಪೈರೊಬಿಟುಮೆನ್ ಉಳಿಯುತ್ತದೆ. ಒಲೆಯ ಮೇಲೆ ಮರೆತ ಬಾಣಲೆಯ ತಳದಲ್ಲಿ ಉಜ್ಜಿದರೂ ಹೋಗದ ಕಪ್ಪು ಜಿಡ್ಡು ನಿಲ್ಲುವುದಿಲ್ಲವೇ, ಹಾಗೆ.

ಇದೆಲ್ಲ ಮರಳುಗಲ್ಲಿನಲ್ಲೂ ನಡೆಯುತ್ತದೆ. ಆದರೆ ಸುಣ್ಣಕಲ್ಲು ಮತ್ತು ಡೋಲೊಮೈಟ್, ಅಂದರೆ ಕಾರ್ಬೊನೇಟ್ ಶಿಲೆಗಳಲ್ಲಿ ಗೋಜಲು ಹೆಚ್ಚು. ಮರಳಿನ ಕಣಗಳ ನಡುವಿನ ಸಂದುಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಕಾರ್ಬೊನೇಟ್ ಶಿಲೆಯಲ್ಲಿ ಹಾಗಲ್ಲ: ಚಿಪ್ಪುಗಳು ಕರಗಿ ಉಳಿದ ಪೊಳ್ಳುಗಳು, ಮಳೆನೀರು ಕೊರೆದ ಗವಿಗಳು, ಕೂದಲೆಳೆಯಷ್ಟು ಬಿರುಕುಗಳು, ಕಣ್ಣಿಗೆ ಕಾಣದ ಸೂಕ್ಷ್ಮರಂಧ್ರಗಳು, ಎಲ್ಲವೂ ಅಂಗೈಯಗಲದ ಒಂದೇ ತುಂಡಿನಲ್ಲಿ ಇರಬಹುದು. ಜೊತೆಗೆ ಸುಣ್ಣದ ಮೇಲ್ಮೈ ಆಸ್ಫಾಲ್ಟೀನ್‌ಗಳನ್ನು ಸುಲಭವಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಈ ಶಿಲೆಗಳು ನಮಗೆ ದೂರದವೇನಲ್ಲ. ಜಗತ್ತಿನ ತೈಲದಲ್ಲಿ ಅರ್ಧಕ್ಕೂ ಹೆಚ್ಚು ಕಾರ್ಬೊನೇಟ್ ಶಿಲೆಗಳಲ್ಲೇ ಇದೆ ಎಂಬುದು ಸಾಮಾನ್ಯ ಅಂದಾಜು. 1974ರಲ್ಲಿ ಪತ್ತೆಯಾದ ನಮ್ಮ ಮುಂಬೈ ಹೈ ಕ್ಷೇತ್ರದ ಮುಖ್ಯ ತೈಲಸ್ತರ ಸುಣ್ಣಕಲ್ಲಿನದು. 2018ರಲ್ಲಿ ಅಬುಧಾಬಿಯ ರಾಷ್ಟ್ರೀಯ ತೈಲ ಸಂಸ್ಥೆ ಮಂಗಳೂರಿನ ಭೂಗತ ಸಂಗ್ರಹಾಗಾರದಲ್ಲಿ ತನ್ನ ಕಚ್ಚಾತೈಲವನ್ನು ತುಂಬಿಸಿತು. ಆ ದೇಶದ ತೈಲದ ಬಹುಭಾಗ ಹೊರಡುವುದೂ ಸುಣ್ಣಕಲ್ಲಿನಿಂದಲೇ. ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶಕ್ಕೆ, ಮಾರುವವರ ಲೆಕ್ಕ ಎಷ್ಟು ನಂಬಲರ್ಹ ಎಂಬ ಪ್ರಶ್ನೆ ಬರಿಯ ಪಾಂಡಿತ್ಯದ ವಿಷಯವಲ್ಲ.

ಒಂದೇ ಸುಳ್ಳು ಹೇಳುವ ಮೂರು ಸಾಕ್ಷಿಗಳು

ಬಾವಿ ಕೊರೆದ ಬಳಿಕ ಕೇಬಲ್ಲಿನ ತುದಿಗೆ ಉಪಕರಣಗಳನ್ನು ಕಟ್ಟಿ ಕೆಳಗಿಳಿಸಿ, ಮೇಲಕ್ಕೆಳೆಯುತ್ತಾ ಶಿಲೆಯ ಗುಣಗಳನ್ನು ದಾಖಲಿಸುವ ಕ್ರಮಕ್ಕೆ ಲಾಗಿಂಗ್ ಎಂದು ಹೆಸರು. ಷ್ಲುಂಬರ್ಜೆ ಸಹೋದರರ ತಂಡ ಇಂಥ ಮೊದಲ ವಿದ್ಯುತ್ ಲಾಗ್ ಅನ್ನು ದಾಖಲಿಸಿದ್ದು 1927ರಲ್ಲಿ, ಫ್ರಾನ್ಸಿನ ಪೆಶೆಲ್‌ಬ್ರಾನ್ ಎಂಬಲ್ಲಿ. ಆ ಊರ ಹೆಸರಿನ ಅರ್ಥ ‘ಡಾಂಬರಿನ ಚಿಲುಮೆ’ ಎಂಬುದು ಕಾಕತಾಳೀಯವಲ್ಲ. ಅಲ್ಲಿ ನೆಲದಿಂದ ಜಿನುಗುತ್ತಿದ್ದ ಬಿಟುಮೆನ್ ಬಹು ಹಿಂದಿನಿಂದಲೂ ಪ್ರಸಿದ್ಧವಾಗಿತ್ತು.

ಲಾಗಿಂಗ್‌ನ ಮೂರು ಮುಖ್ಯ ಅಳತೆಗಳನ್ನು ಗಮನಿಸೋಣ. ಮೊದಲನೆಯದು ಸಾಂದ್ರತೆ. ರಂಧ್ರವಿಲ್ಲದ ಸುಣ್ಣಕಲ್ಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.71 ಗ್ರಾಂ, ಡೋಲೊಮೈಟ್‌ನದು ಸುಮಾರು 2.87. ಅಳತೆ ಇದಕ್ಕಿಂತ ಎಷ್ಟು ಕಡಿಮೆ ಬರುತ್ತದೋ ಅಷ್ಟು ರಂಧ್ರ ಇದೆ ಎಂದು ಅರ್ಥ. ಬಿಟುಮೆನ್‌ನ ಸಾಂದ್ರತೆ ನೀರಿನ ಆಸುಪಾಸಿನಲ್ಲೇ ಇರುವುದರಿಂದ ಬಿಟುಮೆನ್ ತುಂಬಿದ ರಂಧ್ರವೂ ಈ ಉಪಕರಣಕ್ಕೆ ದ್ರವ ತುಂಬಿದ ರಂಧ್ರದಂತೆಯೇ ಕಾಣುತ್ತದೆ. ಎರಡನೆಯದಾದ ನ್ಯೂಟ್ರಾನ್ ಉಪಕರಣ ಹೈಡ್ರೋಜನ್ನಿನ ಪ್ರಮಾಣವನ್ನು ಅಂದಾಜು ಮಾಡುತ್ತದೆ. ಬಿಟುಮೆನ್‌ನಲ್ಲೂ ಹೈಡ್ರೋಜನ್ ಧಾರಾಳವಾಗಿದೆ. ಮೂರನೆಯದು ವಿದ್ಯುತ್ ರೋಧ. ಉಪ್ಪುನೀರು ವಿದ್ಯುತ್ತನ್ನು ಹಾಯಿಸುತ್ತದೆ, ತೈಲ ಹಾಯಿಸುವುದಿಲ್ಲ. ಈ ವ್ಯತ್ಯಾಸದಿಂದ ರಂಧ್ರದಲ್ಲಿ ನೀರೆಷ್ಟು ಎಂದು ಕಂಡುಹಿಡಿಯುವ ಸೂತ್ರವನ್ನು ಗಸ್ ಆರ್ಚಿ 1942ರಲ್ಲಿ ಪ್ರಕಟಿಸಿದರು. ಇಂದಿಗೂ ಉದ್ಯಮ ನಡೆಯುವುದು ಅದರ ಆಧಾರದ ಮೇಲೆಯೇ. ನೀರಲ್ಲದ್ದೆಲ್ಲ ತೈಲ ಅಥವಾ ಅನಿಲ ಎಂದು ಸೂತ್ರ ಹೇಳುತ್ತದೆ. ಅದು ಹರಿಯುತ್ತದೆಯೇ ಎಂದು ಹೇಳುವುದಿಲ್ಲ.

ಹೀಗೆ ಮೂರೂ ಸಾಕ್ಷಿಗಳು ಒಂದೇ ಮಾತು ಹೇಳುತ್ತವೆ: ರಂಧ್ರ ಚೆನ್ನಾಗಿದೆ, ನೀರು ಕಡಿಮೆ, ಉಳಿದದ್ದೆಲ್ಲ ತೈಲ. ನ್ಯಾಯಾಲಯದಲ್ಲಾದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು.

ನಾಲ್ಕನೆಯ ಸಾಕ್ಷಿ ಬಂದದ್ದು ಆಸ್ಪತ್ರೆಗಳ ಎಂಆರ್‌ಐ ಯಂತ್ರದ ತತ್ತ್ವದಿಂದ. ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ನಿನ ಬೀಜಕಣಗಳನ್ನು ಒಮ್ಮೆ ಕದಡಿಸಿ, ಅವುಗಳ ಸಂಕೇತ ಎಷ್ಟು ಬೇಗ ನಂದಿಹೋಗುತ್ತದೆ ಎಂದು ಈ ಉಪಕರಣ ಅಳೆಯುತ್ತದೆ. ದೊಡ್ಡ ರಂಧ್ರದಲ್ಲಿರುವ ನೀರು ಅಥವಾ ಹಗುರ ತೈಲದ ಸಂಕೇತ ನೂರಾರು ಮಿಲಿಸೆಕೆಂಡುಗಳವರೆಗೆ ಉಳಿಯುತ್ತದೆ. ಮಂದವಾದ ಬಿಟುಮೆನ್‌ನದು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಗಟ್ಟಿಯಾದ ಬಿಟುಮೆನ್‌ನ ಸಂಕೇತವಂತೂ ಉಪಕರಣ ಕಿವಿಗೊಡುವ ಮೊದಲೇ ಮಾಯವಾಗಿರುತ್ತದೆ. ಆದ್ದರಿಂದ ಈ ಉಪಕರಣ ತೋರಿಸುವ ರಂಧ್ರತೆ, ಸಾಂದ್ರತೆಯ ಲೆಕ್ಕದ ರಂಧ್ರತೆಗಿಂತ ಕಡಿಮೆ ಬರುತ್ತದೆ. ಒಂದು ಶೇ. 20 ಎಂದು, ಇನ್ನೊಂದು ಶೇ. 14 ಎಂದು ಹೇಳಿದರೆ, ನಡುವೆ ಕಾಣೆಯಾದ 6ರಲ್ಲಿ ಬಿಟುಮೆನ್ ಇದೆ ಎಂದು ಅನುಮಾನಿಸಬೇಕು.

ಅನುಮಾನ ಎಂಬ ಪದವನ್ನು ಬೇಕೆಂದೇ ಬಳಸಲಾಗಿದೆ. ಅನಿಲವಿದ್ದರೂ ಇಂಥದೇ ವ್ಯತ್ಯಾಸ ಬರುತ್ತದೆ. ಬಾವಿಯ ಗೋಡೆ ಕುಸಿದಿದ್ದರೆ ಸಾಂದ್ರತೆಯ ಅಳತೆಯೇ ಕೆಡುತ್ತದೆ. ಸುಣ್ಣಕಲ್ಲಿನ ಸೂಕ್ಷ್ಮರಂಧ್ರಗಳಲ್ಲಿ ಸಿಕ್ಕಿಬಿದ್ದ ನೀರಿನ ಸಂಕೇತವೂ ಬೇಗ ನಂದಿ, ಮಂದ ಬಿಟುಮೆನ್‌ನ ವೇಷ ಧರಿಸಬಹುದು. ಗೋಡೆಗೆ ನಳಿಕೆಯೊತ್ತಿ ತುಸು ದ್ರವ ಹೀರಿ ನೋಡುವ ಪರೀಕ್ಷೆಯೂ ಇದೆ. ಬಿಟುಮೆನ್ ಇರುವಲ್ಲಿ ಏನೂ ಬರುವುದಿಲ್ಲ. ಆದರೆ ರಂಧ್ರವೇ ಇಲ್ಲದ ಬಿಗಿಯಾದ ಕಲ್ಲಿನಲ್ಲೂ ಏನೂ ಬರುವುದಿಲ್ಲ. ಯಾವ ಒಂದು ಉಪಕರಣವೂ ತೀರ್ಪು ಕೊಡಲಾರದು. ಅವುಗಳ ನಡುವಿನ ಭಿನ್ನಾಭಿಪ್ರಾಯದಲ್ಲಿಯೇ ನಿಜಾಂಶ ಇರುತ್ತದೆ.

ಕಲ್ಲನ್ನೇ ಮೇಲಕ್ಕೆ ತಂದು ನೋಡಬಾರದೇ ಎಂದು ಓದುಗರು ಕೇಳಬಹುದು. ತರುತ್ತಾರೆ. ಕೋರ್ ಎಂದು ಕರೆಯುವ ಈ ದುಂಡನೆಯ ಕಲ್ಲಿನ ಕಂಬಗಳೇ ಅತ್ಯುತ್ತಮ ಪುರಾವೆ. ಆದರೆ ಪ್ರಯೋಗಾಲಯದ ಪದ್ಧತಿಯೇ ಇಲ್ಲಿ ಕೈಕೊಡುತ್ತದೆ. ರಂಧ್ರತೆಯನ್ನೂ ಪಾರಗಮ್ಯತೆಯನ್ನೂ (ದ್ರವವನ್ನು ಹಾಯಗೊಡುವ ಗುಣ) ಅಳೆಯುವ ಮುನ್ನ ಕೋರನ್ನು ಟೊಲೀನ್‌ನಂಥ ದ್ರಾವಕದಲ್ಲಿ ತೊಳೆಯುವುದು ರೂಢಿ. ಕರಗುವ ಬಿಟುಮೆನ್ ಆಗ ಕೊಚ್ಚಿಹೋಗುತ್ತದೆ. ಬಳಿಕ ಅಳೆದರೆ ಸಿಗುವುದು ನೆಲದಡಿ ಎಲ್ಲಿಯೂ ಇಲ್ಲದ ಒಂದು ಸ್ವಚ್ಛ ಕಲ್ಲಿನ ಅಂಕಿ. ಗ್ರೋಸ್ಮಾಂಟ್‌ನ ಕೆಲವು ಪದರಗಳಲ್ಲಿ ಡೋಲೊಮೈಟ್‌ನ ಪುಡಿಯನ್ನು ಹಿಡಿದಿಟ್ಟಿರುವುದೇ ಬಿಟುಮೆನ್. ಅದನ್ನು ತೊಳೆದರೆ ಅಳೆಯಲು ಕಲ್ಲೇ ಉಳಿಯದು.

ಹೀಗಾಗಿ ತೊಳೆಯುವ ಮುಂಚೆ ಮತ್ತು ಅನಂತರ, ಎರಡು ಬಾರಿ ಅಳೆಯುವುದು ವಿವೇಕದ ಕ್ರಮ. ಇನ್ನೊಂದು ವಿಧಾನ, ಚಿಟಿಕೆಯಷ್ಟು ಕಲ್ಲಿನ ಪುಡಿಯನ್ನು ಹಂತಹಂತವಾಗಿ ಕಾಯಿಸುವುದು. ಸುಮಾರು 300 ಡಿಗ್ರಿಯೊಳಗೆ ಆವಿಯಾಗುವುದು ಹಗುರ ತೈಲ, ಆಮೇಲೆ 600 ಡಿಗ್ರಿಯವರೆಗೆ ಒಡೆದು ಹೊರಬರುವುದು ಭಾರವಾದದ್ದು. ಇವೆರಡರ ಅನುಪಾತ ಬಿಟುಮೆನ್ ಅನ್ನು ಹಿಡಿದುಕೊಡುತ್ತದೆ. ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರುಗಳೇ ಈ ಪರೀಕ್ಷೆಗೆ ಸಾಕು ಎಂಬುದು ಇದರ ದೊಡ್ಡ ಅನುಕೂಲ.

ಪ್ರಮಾಣದಷ್ಟೇ ಮುಖ್ಯವಾದದ್ದು ಬಿಟುಮೆನ್ ಕುಳಿತಿರುವ ಜಾಗ. ಭೂವಿಜ್ಞಾನಿ ಆಂಥೊನಿ ಲೊಮಾಂಡೊ 1992ರಲ್ಲಿ ಪ್ರಕಟಿಸಿದ ಅಧ್ಯಯನ ಗಮನ ಸೆಳೆದದ್ದು ಇದೇ ಕಾರಣಕ್ಕೆ. ಗಟ್ಟಿ ಬಿಟುಮೆನ್ ಹನಿಗಳಾಗಿ ನಿಂತಿದೆಯೋ, ಗೋಡೆಗೆ ಲೇಪವಾಗಿದೆಯೋ ಎಂಬುದು ಶಿಲೆಯ ಗುಣಮಟ್ಟವನ್ನು ನಿರ್ಧರಿಸುತ್ತದೆ. ಒಂದು ಮನೆಯಲ್ಲಿ ಎರಡು ಗಾಡಿ ಸಾಮಾನು ಇದೆ ಎನ್ನೋಣ. ಅದನ್ನು ಕೋಣೆಗಳ ಮೂಲೆಯಲ್ಲಿ ಪೇರಿಸಿದರೆ ಓಡಾಟಕ್ಕೆ ಅಡ್ಡಿಯಿಲ್ಲ. ಬಾಗಿಲುಗಳಲ್ಲಿ ಪೇರಿಸಿದರೆ ಮನೆಯೇ ಬಂದ್.

ಲೆಕ್ಕ ಬದಲಾಗುವ ಬಗೆ

ಒಂದು ಸರಳ ಉದಾಹರಣೆ ನೋಡೋಣ. 1 ಚದರ ಕಿಲೋಮೀಟರ್ ವಿಸ್ತಾರದ, 30 ಮೀಟರ್ ದಪ್ಪದ ಸುಣ್ಣಕಲ್ಲು ಇದೆ ಎಂದುಕೊಳ್ಳಿ. ಅದರ ಒಟ್ಟು ಗಾತ್ರ 3 ಕೋಟಿ ಘನ ಮೀಟರ್. ರಂಧ್ರತೆ ಶೇ. 20 ಎಂದರೆ 60 ಲಕ್ಷ ಘನ ಮೀಟರ್ ಜಾಗ. ಅದರಲ್ಲಿ ಕಾಲುಭಾಗ ನೀರು. ಉಳಿದ 45 ಲಕ್ಷ ಘನ ಮೀಟರ್ ತೈಲ, ಅಂದರೆ ಸುಮಾರು 2.83 ಕೋಟಿ ಬ್ಯಾರೆಲ್. ಈಗ ಮೇಲೆ ಹೇಳಿದಂತೆ ಶಿಲೆಯ ಶೇ. 6ರಷ್ಟು ಜಾಗ ಬಿಟುಮೆನ್‌ನದು ಎಂದು ತಿಳಿಯಿತು. ಅಂದರೆ 18 ಲಕ್ಷ ಘನ ಮೀಟರ್ ಕಳೆಯಬೇಕು. ಉಳಿಯುವುದು 27 ಲಕ್ಷ ಘನ ಮೀಟರ್, ಸುಮಾರು 1.70 ಕೋಟಿ ಬ್ಯಾರೆಲ್. ಲಾಗ್ ಹಾಳೆಯ ಮೇಲಿನ ಆರು ಅಂಶಗಳ ವ್ಯತ್ಯಾಸ ತೈಲದ ಶೇ. 40ರಷ್ಟನ್ನು ಅಳಿಸಿಹಾಕಿತು. ನೆಲದಡಿಯ ಒತ್ತಡದಿಂದ ಮೇಲಕ್ಕೆ ಬಂದಾಗ ತೈಲ ಕುಗ್ಗುವುದನ್ನು ಇಲ್ಲಿ ಗಣಿಸಿಲ್ಲ. ಗಣಿಸಿದರೂ ಅನುಪಾತ ಬದಲಾಗದು.

ಇಂಥ ತಿದ್ದುಪಡಿಗಳಿಗೆ ತೆರಬೇಕಾದ ಬೆಲೆ ಸಣ್ಣದಲ್ಲ. 2004ರ ಜನವರಿಯಲ್ಲಿ ಶೆಲ್ ಕಂಪನಿ ತನ್ನ ಖಚಿತ ನಿಕ್ಷೇಪಗಳ ಪಟ್ಟಿಯಿಂದ 390 ಕೋಟಿ ಬ್ಯಾರೆಲ್‌ಗಳಷ್ಟನ್ನು, ಅಂದರೆ ಸುಮಾರು ಐದನೇ ಒಂದು ಭಾಗವನ್ನು ತೆಗೆದುಹಾಕಿದಾಗ ಷೇರುಪೇಟೆ ತಲ್ಲಣಿಸಿತು. ಎರಡೇ ತಿಂಗಳಲ್ಲಿ ಅಧ್ಯಕ್ಷ ಫಿಲಿಪ್ ವಾಟ್ಸ್ ಹುದ್ದೆ ಬಿಟ್ಟರು. ಅಲ್ಲಿ ಕಾರಣ ಬಿಟುಮೆನ್ ಆಗಿರಲಿಲ್ಲ. ಆದರೆ ನೆಲದಡಿಯ ಅಂಕಿಯೊಂದು ಕಾಗದದ ಮೇಲೆ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಬಾವಿಗಳಲ್ಲಿ ಬಿಟುಮೆನ್ ಎಷ್ಟಿದೆ ಎಂದು ತಿಳಿದರೂ ಬಾವಿಗಳ ನಡುವೆ ಎಷ್ಟಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಒಂದು ಬಾವಿಗೂ ಇನ್ನೊಂದಕ್ಕೂ ಕಿಲೋಮೀಟರುಗಟ್ಟಲೆ ಅಂತರ. ಕಂಪ್ಯೂಟರಿನಲ್ಲಿ ಇಡೀ ಕ್ಷೇತ್ರವನ್ನು ಲಕ್ಷಾಂತರ ಸಣ್ಣ ಇಟ್ಟಿಗೆಗಳಾಗಿ ಕತ್ತರಿಸಿ ಪ್ರತಿಯೊಂದಕ್ಕೂ ಒಂದು ಬೆಲೆ ತುಂಬಬೇಕು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗಾಗಿ ಡ್ಯಾನಿ ಕ್ರೀಗ್ 1951ರಲ್ಲಿ ಮಂಡಿಸಿದ, ಮುಂದೆ ಫ್ರಾನ್ಸಿನ ಜಾರ್ಜ್ ಮಾತೆರಾನ್ ಗಣಿತದ ಚೌಕಟ್ಟಿಗೆ ತಂದ ವಿಧಾನವೇ ಇಂದಿಗೂ ಇದಕ್ಕೆ ಆಧಾರ. ಹತ್ತಿರದ ಮಾದರಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಎಂಬುದು ಅದರ ಸಾರ.

ಆದರೆ ಬಿಟುಮೆನ್ ವಿಷಯದಲ್ಲಿ ಈ ಸಂಖ್ಯಾಶಾಸ್ತ್ರವೊಂದನ್ನೇ ನೆಚ್ಚಿದರೆ ತಪ್ಪುತ್ತದೆ. ಅದು ಹುಟ್ಟಿದ ಕಾರಣವನ್ನು ಮೊದಲು ತಿಳಿಯಬೇಕು. ಸೂಕ್ಷ್ಮಜೀವಿಗಳ ಕೆಲಸವಾಗಿದ್ದರೆ ಅದು ಹಿಂದಿನ ತೈಲ–ನೀರಿನ ಗಡಿಯನ್ನು ಅನುಸರಿಸಿ ಚಪ್ಪಟೆಯಾಗಿ ಹರಡಿರುತ್ತದೆ. ಗುಮ್ಮಟದಂತೆ ಬಾಗಿದ ಶಿಲಾಪದರಗಳನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗುತ್ತದೆ. ಅನಿಲದಿಂದ ಒಡೆದದ್ದಾದರೆ ಅನಿಲ ನುಗ್ಗಿದ ದಾರಿಗಳಲ್ಲಿರುತ್ತದೆ. ಶಾಖದಿಂದ ಆದದ್ದಾದರೆ ಹಿಂದೆ ತೈಲ ತುಂಬಿದ್ದ ಎಲ್ಲ ಒಳ್ಳೆಯ ರಂಧ್ರಗಳಲ್ಲೂ ಉಳಿದಿರಬಹುದು. ಕಾರಣ ಅರಿಯದೆ ಪದರಗಳ ಗುಂಟ ಸರಾಸರಿ ಹಾಕಿದರೆ, ಚಪ್ಪಟೆಯಾದ ಚಾಪೆಯೊಂದು ನಕ್ಷೆಯಲ್ಲಿ ಚದುರಿದ ಕಪ್ಪು ಚುಕ್ಕೆಗಳಾಗಿ ಕಾಣಿಸುತ್ತದೆ.

ಚಾಪೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ತೈಲಸ್ತರದ ತಳದಲ್ಲಿ ಹಾಸಿದ ಇಂಥ ಬಿಟುಮೆನ್‌ಗೆ ಉದ್ಯಮದಲ್ಲಿ ಟಾರ್ ಮ್ಯಾಟ್ ಎಂದೇ ಹೆಸರು. 1948ರಲ್ಲಿ ಪತ್ತೆಯಾದ, ಜಗತ್ತಿನ ಅತಿ ದೊಡ್ಡ ತೈಲಕ್ಷೇತ್ರವಾದ ಸೌದಿಯ ಘವಾರ್‌ನ ಪಾರ್ಶ್ವಗಳಲ್ಲಿ ಕೆಲವೆಡೆ ಇದು ಇದೆ. ಕುವೈತ್‌ನ ಮಿನಗಿಶ್ ಕ್ಷೇತ್ರದ ಸುಣ್ಣಕಲ್ಲಿನಲ್ಲೂ ತೈಲ–ನೀರಿನ ಗಡಿಯ ಬಳಿ ಇದೆ. ಇದು ಅಲ್ಲಿ ಇರುವುದರಿಂದ ಆಗುವ ತೊಂದರೆಯೇನು? ತೈಲ ತೆಗೆದಂತೆ ಕಲ್ಲಿನೊಳಗಿನ ಒತ್ತಡ ಕುಸಿಯುತ್ತದೆ. ಸಾಮಾನ್ಯವಾಗಿ ಕೆಳಗಿನ ನೀರು ಮೇಲೇರಿ ಆ ಒತ್ತಡವನ್ನು ಕಾಪಾಡುತ್ತದೆ. ನಡುವೆ ಡಾಂಬರಿನ ಚಾಪೆಯಿದ್ದರೆ ನೀರು ಮೇಲೇರದು. ಹೊರಗಿನಿಂದ ನೀರು ತುಂಬುವ ಬಾವಿಗಳನ್ನು ಚಾಪೆಯ ಕೆಳಗೆ ಕೊರೆದರೆ ಅವು ತೈಲವನ್ನು ತಳ್ಳುವುದೇ ಇಲ್ಲ. ಮೇಲೆ ಕೊರೆಯಬೇಕಾದರೆ ಚಾಪೆಯ ಅಂಚು ಎಲ್ಲಿದೆ ಎಂಬುದು ಮೀಟರಿನ ಲೆಕ್ಕದಲ್ಲಿ ಗೊತ್ತಿರಬೇಕು. ಚಾಪೆಯಲ್ಲಿ ಬಿರುಕುಗಳಿದ್ದರೆ ಕಥೆಯೇ ಬೇರೆ. ಆದ್ದರಿಂದಲೇ ಒಂದೇ ಮಾದರಿಯನ್ನು ನಂಬದೆ, ಚಾಪೆ ಪೂರ್ತಿ ಮುಚ್ಚಿದ್ದರೆ ಹೀಗೆ, ಅಲ್ಲಲ್ಲಿ ಹರಿದಿದ್ದರೆ ಹೀಗೆ ಎಂದು ಹಲವು ಮಾದರಿಗಳನ್ನು ಓಡಿಸಿ, ಹಳೆಯ ಬಾವಿಗಳಲ್ಲಿ ದಾಖಲಾದ ಒತ್ತಡದ ಜೊತೆ ತಾಳೆ ನೋಡಲಾಗುತ್ತದೆ.

ಮತ್ತೆ ಗ್ರೋಸ್ಮಾಂಟ್

ಆಲ್ಬರ್ಟಾದ ಸುಣ್ಣದ ಶಿಲೆಯಲ್ಲಿ ಪ್ರಶ್ನೆ ಬೇರೆ ಬಗೆಯದು. ಅಲ್ಲಿ ಬಿಟುಮೆನ್ ಅಡ್ಡಿಯಲ್ಲ, ಅದೇ ಸರಕು. ಅದನ್ನು ಹರಿಸಲು ಉಗಿ ಬೇಕು: 200 ಡಿಗ್ರಿಗೆ ಕಾಯಿಸಿದರೆ 10 ಲಕ್ಷ ಸೆಂಟಿಪಾಯ್ಸ್‌ನ ಬಿಟುಮೆನ್ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಅದೇ ಪ್ರಾಂತ್ಯದ ಮರಳಿನ ಸ್ತರಗಳಲ್ಲಿ ಈ ತಂತ್ರ ಭರ್ಜರಿಯಾಗಿ ಗೆದ್ದಿದೆ. ಗ್ರೋಸ್ಮಾಂಟ್‌ನಲ್ಲಿ ಮಾತ್ರ ಉಗಿ ಬಿರುಕುಗಳನ್ನೂ ಗವಿಗಳನ್ನೂ ಹುಡುಕಿಕೊಂಡು ಓಡುತ್ತದೆ. ಕಾಯಬೇಕಾದ ಕಲ್ಲು ತಣ್ಣಗೇ ಉಳಿಯಬಹುದು. ಬಿರುಕುಗಳ ಜಾಲವನ್ನೂ ನಡುವಿನ ಗಟ್ಟಿ ಕಲ್ಲನ್ನೂ ಎರಡು ಪ್ರತ್ಯೇಕ ವ್ಯವಸ್ಥೆಗಳೆಂದು ಭಾವಿಸಿ ಗಣಿಸುವ ಮಾದರಿಯನ್ನು ವಾರನ್ ಮತ್ತು ರೂಟ್ 1963ರಲ್ಲಿ ಮುಂದಿಟ್ಟಿದ್ದರು. ಅದರಲ್ಲಿ ಕಲ್ಲು ಸಕ್ಕರೆಯ ಗಟ್ಟಿಗಳನ್ನು ಜೋಡಿಸಿಟ್ಟಂತೆ ಕ್ರಮಬದ್ಧ. ಮಳೆನೀರು ಕೊರೆದು ಕುಸಿದುಬಿದ್ದ ನಿಜವಾದ ಗ್ರೋಸ್ಮಾಂಟ್‌ಗೆ ಅಂಥ ಶಿಸ್ತಿಲ್ಲ.

1970 ಮತ್ತು 80ರ ದಶಕಗಳ ಪ್ರಯೋಗಗಳಲ್ಲಿ ಬಫಲೊ ಕ್ರೀಕ್ ಎಂಬಲ್ಲಿಯ ಕೆಲವು ಬಾವಿಗಳು ಆಸೆ ಹುಟ್ಟಿಸಿದವು, ಪಕ್ಕದವು ನಿರಾಶೆಗೊಳಿಸಿದವು. 2006ರಲ್ಲಿ ತೈಲದ ಬೆಲೆ ಏರುತ್ತಿದ್ದಾಗ ಶೆಲ್‌ನ ಅಂಗಸಂಸ್ಥೆಯೊಂದು ಇಲ್ಲಿಯ ಗುತ್ತಿಗೆಗಳಿಗೆ 46.5 ಕೋಟಿ ಕೆನಡಾ ಡಾಲರ್ ತೆತ್ತಿತು. ಲಾರಿಸಿನಾ ಎಂಬ ಕೆನಡಾದ ಕಂಪನಿ ಸಲೆಸ್ಕಿ ಎಂಬಲ್ಲಿ 2010ರ ಕೊನೆಯಲ್ಲಿ ಉಗಿ ಹಾಯಿಸಲು ಆರಂಭಿಸಿ, ಕಲ್ಲಿನಿಂದ ಬಿಟುಮೆನ್ ಹೊರಬರುತ್ತದೆ ಎಂಬುದನ್ನು ತೋರಿಸಿತು. 2014ರ ಉತ್ತರಾರ್ಧದಲ್ಲಿ ತೈಲಬೆಲೆ ಕುಸಿಯಿತು. ಮರುವರ್ಷ ಆ ಕಂಪನಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು, ಪ್ರಯೋಗವೂ ನಿಂತಿತು.

ಆಲ್ಬರ್ಟಾದ ಮರಳಿನ ಸ್ತರಗಳಿಂದ ಈಗ ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಅಧಿಕ ಬಿಟುಮೆನ್ ಹೊರಬರುತ್ತಿದೆ. ಅದೇ ಪ್ರಾಂತ್ಯದ ಸುಣ್ಣದ ಶಿಲೆಯ 40,000 ಕೋಟಿ ಬ್ಯಾರೆಲ್ ಸರ್ಕಾರಿ ವರದಿಗಳ ಕೋಷ್ಟಕದಲ್ಲಿದೆ, ‘ಶಿಲೆಯಲ್ಲಿರುವ ಪ್ರಮಾಣ’ ಎಂಬ ಕಾಲಮ್ಮಿನ ಕೆಳಗೆ.